ಗಬ್ಬ ಇಲ್ಲದ ಮೀನಿಗೆ ಪ್ರಮಾಣಪತ್ರ

ಹಿರೇಮಡು ಗ್ರಾಮದ ಮೀನು ಸಮಿತಿಯಲ್ಲಿ ಮೀನು ತಿನ್ನುವವರು ಒಬ್ಬರೂ ಇರಲಿಲ್ಲ. ಇದು ಆಕಸ್ಮಿಕವಲ್ಲ, ನಿಯಮ. ಮೀನು ಹಿಡಿಯುವವರಿಗೆ, ಮಾರುವವರಿಗೆ, ತಿನ್ನುವವರಿಗೆ ಮೀನಿನಲ್ಲಿ ಸ್ವಂತ ಹಿತಾಸಕ್ತಿ ಇರುತ್ತದೆ, ಅಂಥವರು ನಿಷ್ಪಕ್ಷಪಾತವಾಗಿ ವಿಚಾರ ಮಾಡಲಾರರು ಎಂದು ಸಮಿತಿ ರಚಿಸಿದವರು ಬಹಳ ವಿಚಾರ ಮಾಡಿ ಗೊತ್ತುಪಡಿಸಿದ್ದರು.

ಅಧ್ಯಕ್ಷರು ಮುರಗೆಪ್ಪ ಸಾವಕಾರರು. ಊರ ಕಬ್ಬಿನಲ್ಲಿ ಅರ್ಧ, ದ್ರಾಕ್ಷಿಯಲ್ಲಿ ಮುಕ್ಕಾಲು ಅವರದು. ದೂಧಗಂಗಾ ಹೊಳೆಯ ಮೀನಿನ ಗುತ್ತಿಗೆ ಅವರ ಭಾವಮೈದುನನ ಹೆಸರಿನಲ್ಲಿತ್ತು. ಸದಲಗಾ ರಸ್ತೆಯ ಮೀನಿನ ಧಾಬಾ ಹೆಂಡತಿ ಶಿವಗಂಗವ್ವನ ಹೆಸರಿನಲ್ಲಿತ್ತು. ಸಾವಕಾರರ ಸ್ವಂತ ಹೆಸರಿನಲ್ಲಿ ಒಂದು ಚೂರು ಮೀನೂ ಇರಲಿಲ್ಲವಾದ್ದರಿಂದ ಅವರಷ್ಟು ನಿಷ್ಪಕ್ಷಪಾತಿ ಇನ್ನೊಬ್ಬರು ಸಿಗುವಂತಿರಲಿಲ್ಲ.

ಕಾರ್ಯದರ್ಶಿ ಧರಣೇಂದ್ರ, ಮೀನುಗಾರಿಕೆ ಖಾತೆಯ ತಾಲ್ಲೂಕು ಅಧಿಕಾರಿ. ಶಿರಗುಪ್ಪಿಯ ಜೈನ ಮನೆತನದವರು. ಉಳ್ಳಾಗಡ್ಡಿ ಹೊಸ್ತಿಲು ದಾಟದ ಮನೆ. ಪರೀಕ್ಷೆ ಬರೆದಾಗ ಕೃಷಿ ಖಾತೆ ಬೇಕೆಂದು ಕೇಳಿದ್ದರು, ಮೀನು ಬಂತು. ಅವರ ತಾಯಿ ಬೀಗರಿಗೆಲ್ಲ "ನಮ್ಮಾಂವ ನೀರಿನ ಖಾತೇದಾಗ ಅದಾನ್ರಿ" ಎಂದು ಹೇಳಿಕೊಂಡು ಬಂದಿದ್ದರು. ಧರಣೇಂದ್ರ ಮೀನನ್ನು ಭಿತ್ತಿಪತ್ರದಲ್ಲಿ ನೋಡಿದ್ದರು, ವರದಿಯಲ್ಲಿ ಬೆಳೆಸಿದ್ದರು. ಕೈಯಲ್ಲಿ ಮಾತ್ರ ಹಿಡಿದಿರಲಿಲ್ಲ.

ಆ ವರ್ಷ ಮೇಲಿನಿಂದ ಆದೇಶ ಬಂತು. ಮಳೆಗಾಲದಲ್ಲಿ ಮೀನುಗಳು ತತ್ತಿ ಇಡುತ್ತವೆ, ಆದ್ದರಿಂದ ಆ ಕಾಲದಲ್ಲಿ ಹೊಳೆಯಲ್ಲಿ ಮೀನು ಹಿಡಿಯಕೂಡದು, ಈ ಕುರಿತು ಸ್ಥಳೀಯ ಸಮಿತಿ ಚರ್ಚಿಸಿ ಸೂಕ್ತ ನಿರ್ಣಯ ಕೈಗೊಳ್ಳತಕ್ಕದ್ದು. ಪಂಚಾಯಿತಿಯ ಹಾಲಿನಲ್ಲಿ ಸಭೆ ಸೇರಿತು. ಅಂಬಿಗರ ಸಂಘದ ಮುಖ್ಯಸ್ಥೆ ಸುಂದರಾ ಹಿತಾಸಕ್ತಿ ಉಳ್ಳವಳಾದ್ದರಿಂದ ಕಿಡಕಿಯ ಹೊರಗೆ ನಿಂತಿದ್ದಳು.

"ಸಾಹೇಬ್ರ, ಬಂದ್ ಮಾಡ್ರಿ ಅಂತ ನಾವ ಅನ್ನಾಕತ್ತೇವಿ," ಎಂದಳು ಸರಳುಗಳ ನಡುವಿನಿಂದ. "ಹೊಟ್ಟಿ ತುಂಬ ತತ್ತಿ ಇಟಗೊಂಡು ಮೀನ ಹೊಳಿ ಏರಿ ಬರ್ತಾವು. ತಾಯಿನ್ನ ಹಿಡದು ಬೋಗಣ್ಯಾಗ ಹಾಕಿದ್ರ ಮಕ್ಕಳು ಎಲ್ಲಿಂದ ಬರ್ತಾವ್ರಿ? ಹೋದ ವರ್ಷ ನಮ್ಮ ಬಲ್ಯಾಗ ಬಂದದ್ದು ಬರೇ ಕಸಾ. ಇನ್ನೊಂದ ವರ್ಷ ಹಿಂಗಾದ್ರ ನಾವು ಬಲಿ ಹರದು ಕಬ್ಬ ಕಡ್ಯಾಕ ಹೋಗೂದ."

ಕಿಡಕಿಯಿಂದ ಬಂದ ಅಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸಲು ಅವಕಾಶವಿರಲಿಲ್ಲ. ಅದನ್ನು ಗಾಳಿ ಎಂದು ಪರಿಗಣಿಸಿ ಕಿಡಕಿ ಮುಚ್ಚಲಾಯಿತು.

ಸಾವಕಾರರು ಗಂಟಲು ಸರಿಮಾಡಿಕೊಂಡರು. "ನಂದ ನಿಷೇಧಕ್ಕ ವಿರೋಧ ಇಲ್ರಿ. ಬಸರಿಗೆ ತ್ರಾಸ ಕೊಡೂದು ನಮ್ಮ ಸಂಸ್ಕೃತಿ ಅಲ್ಲ. ಆದ್ರ ಗಂಡ ಮೀನ ಏನ ಪಾಪ ಮಾಡೇತಿ? ಅದಕ್ಕ ಯಾಕ ರಜಾ? ಮನ್ಯಾಗ ಹೆಂಡ್ತಿ ಬಸರಿ ಅಂತ ಗಂಡ ಡ್ಯೂಟಿಗೆ ಹೋಗೂದು ಬಿಡ್ತಾನೇನು?"

ಸದಸ್ಯರು ತಲೆದೂಗಿದರು. ಧರಣೇಂದ್ರ ಮಾತ್ರ, "ಹಂಗ ಅಲ್ರಿ ಸಾವಕಾರ್ರ, ಒಂದ ಬಲ್ಯಾಗ ಎರಡೂ ಬರ್ತಾವು..." ಎಂದು ಶುರುಮಾಡಿದರು.

"ಸಾಹೇಬ್ರ," ಎಂದು ಸಾವಕಾರರು ಬಹಳ ಪ್ರೀತಿಯಿಂದ ಅವರ ಭುಜದ ಮೇಲೆ ಕೈಯಿಟ್ಟರು. "ಯಾದಗಿರಿ ಕಡೆ ನಿಮ್ಮ ಖಾತೇದಾಗ ಜಾಗಾ ಖಾಲಿ ಐತಂತಲ್ರಿ. ಅಲ್ಲಿ ಬಿಸಲ ಬಾಳ ಅಂತಾರ."

ಮುಚ್ಚಿದ ಕಿಡಕಿಯ ಮಸುಕು ಗಾಜಿನಲ್ಲಿ ಸುಂದರಾಳ ಮುಖ ಇನ್ನೂ ಕಾಣುತ್ತಿತ್ತು. ಧರಣೇಂದ್ರ ಆ ಕಡೆ ನೋಡದೆ ಪೆನ್ನಿನ ಟೋಪಿ ತೆಗೆದರು.

ನಿರ್ಣಯವನ್ನು ಸಾವಕಾರರೇ ನಿಂತು ಹೇಳಿ ಬರೆಸಿದರು. ಸಕ್ಕರೆ ಕಾರ್ಖಾನೆಯ ಸಭೆಗಳಲ್ಲಿ ಕಲಿತ ಸರ್ಕಾರಿ ಕನ್ನಡದ ಮೇಲೆ ಅವರಿಗೆ ಬಹಳ ಅಭಿಮಾನವಿತ್ತು. "ಯಾವುದೇ ಮೀನನ್ನು ಹಿಡಿಯುವ ಮುನ್ನ, ಸದರಿ ಮೀನು ಗರ್ಭ ಧರಿಸಿರುವುದಿಲ್ಲ ಎಂಬ ಬಗ್ಗೆ ಸಕ್ಷಮ ಪ್ರಾಧಿಕಾರದಿಂದ ಪ್ರಮಾಣಪತ್ರ ಪಡೆದಿರತಕ್ಕದ್ದು." ಚಪ್ಪಾಳೆ ಬಿತ್ತು. ಚಹಾ ಬಂತು.

ಇನ್ನು ಸಕ್ಷಮ ಪ್ರಾಧಿಕಾರ ಹುಡುಕಬೇಕು. ಧರಣೇಂದ್ರ ಪಶುವೈದ್ಯರ ಬಳಿ ಹೋದರು. ತಮ್ಮ ವ್ಯಾಪ್ತಿ ನಾಲ್ಕು ಕಾಲಿನದು ಎಂದರು ಅವರು. ಸರ್ಕಾರಿ ದವಾಖಾನೆಯ ಡಾಕ್ಟರು ತಮ್ಮದು ಎರಡು ಕಾಲಿನದು ಎಂದರು. ಕಾಲೇ ಇಲ್ಲದವರ ಬಗ್ಗೆ ಯಾವ ಖಾತೆಯಲ್ಲೂ ಸುತ್ತೋಲೆ ಇರಲಿಲ್ಲ. ಕಡೆಗೆ, ಊರಿನಲ್ಲಿ ಯಾರು ಬಸುರಿ ಎಂಬುದನ್ನು ಅತ್ತೆಗಿಂತ ಮೊದಲು ತಿಳಿದುಕೊಳ್ಳುವ ಆಶಾ ಕಾರ್ಯಕರ್ತೆ ನೀಲಮಳಿಗೆ ಮೀನುಗಳ ಹೆಚ್ಚುವರಿ ಪ್ರಭಾರ ವಹಿಸಲಾಯಿತು.

"ಏನ್ ಕರ್ಮಾರಿ ಸಾಹೇಬ್ರ," ಎಂದಳು ನೀಲಮ. "ನನ್ನ ಫಾರ್ಮಿನ್ಯಾಗ ಗಂಡನ ಹೆಸರ ಬರಿಬೇಕಾಗ್ತೈತಿ."

"ಹೊಳ್ಯಾಗಿನಾಂವ ಅಂತ ಬರಿ."

ಹೊಳೆಯ ಘಾಟಿನಲ್ಲಿ ತಾಡಪತ್ರಿ ಕಟ್ಟಿ ಮೇಜು ಹಾಕಿದರು. ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮುಗಳು ಬಂದವು. ಮೈಕು ಕಟ್ಟಿದ ರಿಕ್ಷಾ ಊರೂರು ತಿರುಗಿತು. "ಮೀನು ಬಾಂಧವರ ಆರೋಗ್ಯ ತಪಾಸಣಾ ಶಿಬಿರ! ಎಲ್ಲ ಮೀನುಗಳೂ ಇದರ ಸದುಪಯೋಗ ಪಡೆದುಕೊಳ್ಳಬೇಕಾಗಿ ವಿನಂತಿ!" ಆಚೆ ದಂಡೆಯೂ ಕೇಳಲಿ ಎಂದು ಅದನ್ನೇ ಮರಾಠಿಯಲ್ಲೂ ಕೂಗಿದರು. ಹೊಳೆ ಎರಡು ರಾಜ್ಯಗಳ ನಡುವೆ ಹರಿಯುತ್ತಿದ್ದುದರಿಂದ ಮೀನುಗಳಿಗೆ ಎರಡೂ ಭಾಷೆ ಬರುತ್ತವೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಮೊದಲ ದಿನ ಸಾವಕಾರರ ಆಳುಗಳು ಬಲೆ ಎಳೆದು ಡ್ರಮ್ಮು ತುಂಬಿಸಿದರು. ಎಲ್ಲಕ್ಕಿಂತ ಮೇಲೆ ಒಂದು ದೊಡ್ಡ ಕಟ್ಲಾ ಮೀನು. ನೀಲಮ ಅದರ ಹೊಟ್ಟೆ ಸವರಿದಳು. "ಗಬ್ಬ ಐತ್ರಿ. ತುಂಬಿದ ದಿನಾ."

ಸಾವಕಾರರು ಬಗ್ಗಿ ನೋಡಿದರು. "ಗಬ್ಬ ಎಲ್ಲೀದು! ಗ್ಯಾಸ್ ಆಗೇತಿ ಅದಕ್ಕ. ಹೊಸಾ ನೀರ ಕುಡದ್ರ ನಮಗೂ ಹಂಗ ಆಗ್ತೈತಿ. ಗ್ಯಾಸ್ ಅಂತ ಬರದು ಸಹಿ ಮಾಡ್ರಿ ಸಾಹೇಬ್ರ. ಧಾಬಾದಾಗ ಕೊಲ್ಲಾಪುರದ ಮಂದಿ ಕುಂತಾರ."

ಖುದ್ದಾಗಿ ಪರಿಶೀಲಿಸದೆ ಸಹಿ ಮಾಡುವಂತಿರಲಿಲ್ಲ. ಧರಣೇಂದ್ರ ತೋಳು ಮಡಚಿ, ಕಣ್ಣು ಮುಚ್ಚಿ, ಬಾಯಲ್ಲಿ ಏನೋ ಮಂತ್ರ ಅನ್ನುತ್ತ ಎರಡೂ ಕೈ ಡ್ರಮ್ಮಿನಲ್ಲಿ ಇಳಿಸಿದರು. ಮೀನು ಒದ್ದಾಡುತ್ತದೆ ಎಂದುಕೊಂಡಿದ್ದರು. ಅದು ಒದ್ದಾಡಲಿಲ್ಲ. ತಣ್ಣಗೆ, ಭಾರವಾಗಿ ಅವರ ಅಂಗೈಗಳ ಮೇಲೆ ಕೂತು ಕಿವಿರು ಆಡಿಸಿತು. ಹೊಟ್ಟೆ ಬಿಗಿದ ಚೀಲದ ಹಾಗಿತ್ತು. ಹೋದ ಚಳಿಗಾಲದಲ್ಲಿ ತಂಗಿಯನ್ನು ಹೆರಿಗೆಗೆ ಕರೆದುಕೊಂಡು ಬರುವಾಗ ಗಾಡಿ ಎಷ್ಟು ನಿಧಾನ ಓಡಿಸಿದ್ದೆ ಎಂಬುದು ಯಾಕೋ ನೆನಪಾಯಿತು. ದಂಡೆಯಲ್ಲಿ ಸುಂದರಾ ನಿಂತಿದ್ದಳು.

"ಹಂಗ ಬರ್ಯಾಕ ಬರೂದಿಲ್ರಿ," ಎಂಬ ಮಾತು ಧರಣೇಂದ್ರರ ಬಾಯಿಂದ ಬಂತು. ಬಂದದ್ದು ಕೇಳಿ ಅವರೇ ಗಾಬರಿಯಾದರು. ಗಾಬರಿಯಾದ ಅಧಿಕಾರಿ ನಿಯಮ ನೋಡುತ್ತಾನೆ. ಅವರು ಕೈ ಒರೆಸಿಕೊಂಡು ನಿರ್ಣಯದ ಪ್ರತಿ ತೆಗೆದು ಓದಿದರು. ಓದುತ್ತ ಒಂದು ಶಬ್ದದ ಹತ್ತಿರ ನಿಂತರು.

"ಸಾವಕಾರ್ರ, ಇಲ್ಲಿ 'ಹಿಡಿಯುವ ಮುನ್ನ' ಪ್ರಮಾಣಪತ್ರ ಅಂತ ಐತ್ರಿ. ಇವನ್ನ ಮೊದ್ಲ ಹಿಡದೀರಿ, ಆಮ್ಯಾಲ ಪ್ರಮಾಣಪತ್ರ ಕೇಳಾಕತ್ತೀರಿ. ಇದು ಅಕ್ರಮ ಬ್ಯಾಟಿ ಆಗ್ತೈತಿ. ಬಲಿ ಯಾರದು?"

ಆಳುಗಳು ಸಾವಕಾರರನ್ನು ನೋಡಿದರು. ಸಾವಕಾರರು ಹೊಳೆಯನ್ನು ನೋಡಿದರು. "ನನ್ನ ಹೆಸರಿಲೆ ಯಾವ ಬಲೀನೂ ಇಲ್ಲ," ಎಂದರು.

"ಹಂಗಾದ್ರ ಇವು ತಪಾಸಣಿಗೆ ತಾವ ಬಂದಾವು ಅಂತ ಬರಕೋತೇನ್ರಿ. ಗಬ್ಬ ಇದ್ದದ್ದನ್ನ ಈಗ ಬಿಡೂನು. ಇಲ್ಲದ್ದಕ್ಕ ಪ್ರಮಾಣಪತ್ರ ಕೊಟ್ಟು ಹೊಳ್ಯಾಗ ಬಿಡೂನು. ಆಮ್ಯಾಲ ಆ ಪ್ರಮಾಣಪತ್ರ ಇದ್ದ ಮೀನನ್ನ ನೀವು ಕಾಯ್ದೆ ಪ್ರಕಾರ ಹಿಡೀರಿ. ಯಾರೂ ಬ್ಯಾಡ ಅನ್ನೂದಿಲ್ಲ."

ಸಾವಕಾರರು ನಿರ್ಣಯವನ್ನು ಎರಡು ಸಲ ಓದಿದರು. ಅವರದೇ ಕನ್ನಡ, ಒಂದು ಅಕ್ಷರವೂ ಸಡಿಲವಿರಲಿಲ್ಲ. ತಿದ್ದಬೇಕೆಂದರೆ ಮತ್ತೆ ಸಭೆ ಕರೆಯಬೇಕು. ತನ್ನ ನಿರ್ಣಯ ತಪ್ಪು ಎಂದು ತಾನೇ ಎದ್ದು ಹೇಳುವ ಅಧ್ಯಕ್ಷ ಆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. "ಬಿಡ್ರಿ," ಎಂದರು. "ಹೊಳಿ ಬಿಟ್ಟು ಎಲ್ಲಿ ಹೊಕ್ಕಾವು?"

ಕಟ್ಲಾ ಮೊದಲು ಹೋಯಿತು. ಸುಂದರಾ ನೀರಿಗಿಳಿದು, ಕೂಸಿಗೆ ಎರೆಯುವ ಹಾಗೆ ಅದನ್ನು ಅಂಗೈಯಿಂದ ಜಾರಿಸಿ ಬಿಟ್ಟಳು.

ಪ್ರಮಾಣಪತ್ರವನ್ನು ಮೀನಿಗೆ ಎಲ್ಲಿ ಕಟ್ಟುವುದು ಎಂಬುದು ಮುಂದಿನ ಪ್ರಶ್ನೆ. ಪಶು ಆಸ್ಪತ್ರೆಯಲ್ಲಿ ದನಗಳ ಕಿವಿಗೆ ಹಾಕುವ ಹಳದಿ ಬಿಲ್ಲೆಗಳು ಉಳಿದಿದ್ದವು. "ಮೀನಿಗೆ ಕಿವಿ ಕಂಡುಬರದ ಕಾರಣ ಬೆನ್ನಿನ ರೆಕ್ಕೆಯನ್ನೇ ಕಿವಿ ಎಂದು ಭಾವಿಸತಕ್ಕದ್ದು" ಎಂದು ಆದೇಶವಾಯಿತು. ಬಿಲ್ಲೆಯೇ ಭಾರವಾಗುವ ಸಣ್ಣ ಮೀನುಗಳನ್ನು ಅಪ್ರಾಪ್ತ ವಯಸ್ಕರೆಂದು ಘೋಷಿಸಿ ಹಾಗೆಯೇ ಬಿಟ್ಟರು.

ಮರುದಿನ ಸಾವಕಾರರ ಬಲೆ ಬಿತ್ತು. ಬಂದವುಗಳಲ್ಲಿ ಬಿಲ್ಲೆ ಇದ್ದದ್ದು ಒಂದೂ ಇಲ್ಲ. ಬಿಲ್ಲೆ ಇಲ್ಲದವಕ್ಕೆಲ್ಲ ತಪಾಸಣೆ, ಬಿಲ್ಲೆ, ಬಿಡುಗಡೆ. ಅದರ ಮರುದಿನವೂ ಅಷ್ಟೇ. ಹಿಡಿದಷ್ಟೂ ಬಿಡುವ ಕೆಲಸ ಹೆಚ್ಚಾಯಿತು. ಬಿಡುವುದಕ್ಕೆ ಜನ ಸಾಲದೆ ಸಮಿತಿಯು ಅಂಬಿಗರನ್ನೆಲ್ಲ ಅವರವರ ದೋಣಿ ಸಮೇತ ದಿನಗೂಲಿಯ ಮೇಲೆ 'ಮರುಜಲಪ್ರವೇಶ ಸಹಾಯಕರು' ಎಂದು ನೇಮಿಸಿಕೊಂಡಿತು. ನಿಷೇಧದ ಕಾಲದಲ್ಲಿ ಒಲೆ ಹೊತ್ತುವುದು ಹೇಗೆ ಎಂದು ಚಿಂತೆ ಮಾಡುತ್ತಿದ್ದ ಓಣಿಯಲ್ಲಿ ಬೆಳಿಗ್ಗೆ ಎದ್ದ ಕೂಡಲೆ "ನಡೀರಿ, ಮೀನ ಬಿಡಾಕ ಹೊತ್ತಾತು" ಎಂಬ ಕೂಗು ಕೇಳತೊಡಗಿತು.

ಒಂದು ದಿನ ಮಾತ್ರ ಬಿಲ್ಲೆ ಇದ್ದ ಮೀನೊಂದು ನಿಜವಾಗಿ ಸಿಕ್ಕಿತು. ಸಾವಕಾರರು ಅದನ್ನು ಎರಡೂ ಕೈಯಲ್ಲಿ ಎತ್ತಿಹಿಡಿದು, "ಶಿವಗಂಗಾ, ಮಸಾಲಿ ಅರಿ!" ಎಂದು ಘಾಟಿನಿಂದಲೇ ಫೋನು ಮಾಡಿದರು. ಬಿಲ್ಲೆ ಸರಿಯಿತ್ತು, ಸಂಖ್ಯೆ ಸರಿಯಿತ್ತು. ಧರಣೇಂದ್ರ ನಿರ್ಣಯದ ಪ್ರತಿಯನ್ನು ಮತ್ತೆ ಬಿಡಿಸಿದರು.

ನೀಲಮ ತಲೆ ಎತ್ತದೆ ಕೇಳಿದಳು. "ಯಾವತ್ತ ತಪಾಸಣಿ ಆಗಿದ್ದು?"

"ಮೊನ್ನಿ," ಎಂದರು ಧರಣೇಂದ್ರ.

"ಮೊನ್ನಿ ಗಬ್ಬ ಇರಲಿಲ್ಲ, ಖರೆ. ಆಮ್ಯಾಲ ಅದು ಹೊಳ್ಯಾಗ ಯಾರ ಕೂಡ ಇತ್ತಂತ ನಾ ಹೆಂಗ ಹೇಳ್ಲಿ? ನಮ್ಮ ಹೆಣ್ಣಮಕ್ಕಳಿಗೂ ಹೋದ ತಿಂಗಳದ ಚೀಟಿ ಈ ತಿಂಗಳ ನಡಿಯೂದಿಲ್ರಿ ಸಾವಕಾರ್ರ."

ಪ್ರಮಾಣಪತ್ರದ ಅವಧಿ ಅದೇ ದಿನ ಹೊತ್ತು ಮುಳುಗುವವರೆಗೆ ಮಾತ್ರ ಎಂದು ಧರಣೇಂದ್ರ ಕೂಡಲೆ ಸ್ಪಷ್ಟೀಕರಣ ಹೊರಡಿಸಿದರು. ಮೀನಿಗೆ ನವೀಕರಣವಾಯಿತು, ಮತ್ತೆ ಹೊಳೆಗೆ ಹೋಯಿತು. ಸಾವಕಾರರು ಖಾಲಿ ಕೈ ಧೋತರಕ್ಕೆ ಒರೆಸಿಕೊಂಡರು. ಈಗ ಯಾದಗಿರಿಯ ಮಾತು ಬರುತ್ತದೆ ಎಂದು ಧರಣೇಂದ್ರ ಕಾದರು.

ಬರಲಿಲ್ಲ. ಅಷ್ಟರಲ್ಲಿ ಧಾಬಾದ ಮುಂದೆ ಗಾಡಿಗಳು ನಿಂತಿದ್ದವು. ಮೀನಿಗೆ ಬಿಲ್ಲೆ ಹಾಕುವುದನ್ನು ನೋಡಲು ಕೊಲ್ಲಾಪುರದಿಂದ, ನಿಪ್ಪಾಣಿಯಿಂದ ಜನ ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಬಂದವರು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಹಸಿದು, ಧಾಬಾಕ್ಕೆ ನುಗ್ಗುತ್ತಿದ್ದರು. ಶಿವಗಂಗವ್ವ ಕಡಲೆಹಿಟ್ಟಿನ ಝುಣಕಾ, ಭಾಕರಿ, ಮೆಣಸಿನಕಾಯಿ ಠೇಚಾ, ಮೊಸರು ಹಾಕಿ ಅದಕ್ಕೆ 'ಮತ್ಸ್ಯದರ್ಶನ ಥಾಳಿ' ಎಂದು ಹೆಸರಿಟ್ಟಿದ್ದಳು. "ಇದರಾಗ ಮುಳ್ಳ ತಗಿಯೂದ ಇಲ್ಲ, ವಾಸನಿ ಇಲ್ಲ," ಎಂದು ಅವಳು ಗಂಡನಿಗೆ ತಿಳಿಸಿ ಹೇಳಿದಳು. "ನೀವು ಸುಮ್ಮ ಅಧ್ಯಕ್ಷರಾಗಿ ಇರ್ರಿ."

ಸಾವಕಾರರು ಅಧ್ಯಕ್ಷರಾಗಿ ಇದ್ದರು. ಮೇಲಧಿಕಾರಿಗಳು ತಪಾಸಣೆಗೆ ಬಂದು, ಮಧ್ಯಾಹ್ನದ ಊಟಕ್ಕೆ ಮೀನು ಆಗಬಹುದೆ ಎಂದು ಸೂಚ್ಯವಾಗಿ ಕೇಳಿದಾಗ, ಸಾವಕಾರರು ಹಲ್ಲು ಕಚ್ಚಿ ನಾಲಿಗೆ ಹೊರಳಿಸಿ, "ಛೀ ಛೀ, ಬಸರಿ ಹೆಂಗಸರ ಊರ ಇದು, ಹಂಗ ಅನ್ನಬ್ಯಾಡ್ರಿ," ಎಂದುಬಿಟ್ಟರು. ಮೇಲಧಿಕಾರಿಗಳು ಝುಣಕಾ ತಿಂದು, ಈ ಮಾದರಿಯನ್ನು ಇತರ ಗ್ರಾಮಗಳೂ ಅನುಸರಿಸತಕ್ಕದ್ದು ಎಂದು ಷರಾ ಬರೆದು ಹೋದರು.

ನಿಷೇಧದ ಅವಧಿ ಮುಗಿಯಿತು. ಕೆಂಪು ನೀರು ತಿಳಿಯಾಯಿತು. ದಂಡೆಯ ಹುಲ್ಲಿನ ಬುಡದಲ್ಲೆಲ್ಲ ಸೂಜಿಯಂಥ ಮರಿಗಳು, ಗುಂಪುಗುಂಪಾಗಿ, ಒಮ್ಮೆಲೆ ತಿರುಗಿ ಒಮ್ಮೆಲೆ ಮಿಂಚಿ ಓಡುತ್ತಿದ್ದವು. ಧರಣೇಂದ್ರ ಬೂಟು ಕಳಚಿ, ಪ್ಯಾಂಟು ಮಡಚಿ, ಅವುಗಳ ನಡುವೆ ನಿಂತರು. ಮರಿಗಳು ಕಾಲಿಗೆ ಕಚಗುಳಿ ಇಟ್ಟವು.

"ಇನ್ನ ಬಲಿ ಹಾಕಬೌದೇನ್ರಿ ಸಾಹೇಬ್ರ?" ಎಂದಳು ಸುಂದರಾ.

"ಹಾಕ್ರಿ. ಇನ್ನ ಹೊಳಿ ನಿಮ್ಮದ."

ಎಷ್ಟೋ ವರ್ಷಗಳ ನಂತರ ಮೊದಲ ಸಲ ಸುಂದರಾಳ ಬಲೆ ಎಳೆಯಲು ನಾಲ್ಕು ಜನ ಬೇಕಾದರು. ಅವಳು ಬುಟ್ಟಿ ಹೊತ್ತು ಧಾಬಾಕ್ಕೆ ನಡೆದಳು, ಶಿವಗಂಗವ್ವ ಎಣ್ಣೆ ಕಾಯಿಸಿದಳು, ಮೀನು ಹುರಿದು ತಾಟಿಗೆ ಬಂತು. ಆದರೆ ಗಿರಾಕಿಗಳು ಕೈ ಹಾಕಲಿಲ್ಲ. ಕೊಲ್ಲಾಪುರದ ದಪ್ಪ ಮೀಸೆಯ ಹಿರಿಯರೊಬ್ಬರು ತಾಟನ್ನು ಬೆರಳಿನಿಂದ ಹಿಂದೆ ತಳ್ಳಿದರು.

"ಇದರ ಸರ್ಟಿಫಿಕೇಟ್ ಎಲ್ಲೈತಿ ತಾಯಿ? ಹಂಗ ಹೆಂಗ ತಿನ್ನೂದು, ನಾವೇನು ರಾಕ್ಷಸರೇನು?"

ಎಲ್ಲ ಮೇಜಿನವರೂ ಅವರ ಮಾತು ಖರೆ ಎಂದರು. ಸುಂದರಾ ಧರಣೇಂದ್ರರನ್ನು ಕರೆಸಿದಳು. ನಿಷೇಧ ಮುಗಿದಿದೆ, ಈಗ ಯಾವ ಪ್ರಮಾಣಪತ್ರವೂ ಬೇಕಿಲ್ಲ ಎಂದು ಅವರು ನಿಂತು ತಿಳಿಹೇಳಿದರು. ಯಾರೂ ಒಪ್ಪಲಿಲ್ಲ. ಹುರಿದ ಮೀನು ಆರುತ್ತಿತ್ತು. ಸುಂದರಾಳ ಬುಟ್ಟಿ ತುಂಬಿದ್ದು ತುಂಬಿದ ಹಾಗೆಯೇ ಇತ್ತು. ಧರಣೇಂದ್ರ ಒಂದು ಕ್ಷಣ ವಿಚಾರ ಮಾಡಿ, ನೀಲಮಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಹಾಳೆ ತೆಗೆದು ಬರೆದರು. ಮೊಹರು ಒತ್ತಿದರು.

ಹಿರಿಯರು ಚಾಳೀಸು ಹಾಕಿಕೊಂಡರು. ಕನ್ನಡ ಓದಲು ಬಾರದೆ ಪಕ್ಕದ ಮೇಜಿನವನಿಂದ ಓದಿಸಿಕೊಂಡರು. "ಸದರಿ ಮೀನು ಸಕಾಲದಲ್ಲಿ ತತ್ತಿ ಇಟ್ಟು ಬಾಣಂತನ ಮುಗಿಸಿರುತ್ತದೆ. ಮಕ್ಕಳು ಹೊಳೆಯಲ್ಲಿ ಕ್ಷೇಮವಾಗಿರುತ್ತವೆ. ಈ ಬಗ್ಗೆ ಕುಟುಂಬದ ತಕರಾರು ಇರುವುದಿಲ್ಲ."

"ಬರಂ ಝಾಲಂ, ಚಲೋ ಆತು," ಎಂದರು ಹಿರಿಯರು, ನಿರಾಳವಾಗಿ ಉಸಿರು ಬಿಟ್ಟು. ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ತಾಟನ್ನು ಹತ್ತಿರ ಎಳೆದುಕೊಂಡು, ಇನ್ನೊಂದು ಲಿಂಬೆಹಣ್ಣು ತರಲು ಹೇಳಿದರು.