ದವಡಿ ತಂತಿ ಬಿಚ್ಚಬ್ಯಾಡ್ರಿ

—ಬಿಚ್ಚಬ್ಯಾಡ್ರಿ ಡಾಕ್ಟರವ್ವ. ಇನ್ನೊಂದು ತಿಂಗಳು ಇರಲಿ.

—ಎಲುಬು ಕೂಡ್ಯದ್ರಿ ಸೂಗಮ್ಮನವರ. ಎಲ್ಲಾರೂ ಯಾವಾಗ ಬಿಚ್ಚತೀರಿ ಅಂತ ಜೀವ ತಿಂತಾರ. ನೀವೊಬ್ರು ಬ್ಯಾಡ ಅಂತೀರಿ.

ಸೇಡಂನ ಹಲ್ಲಿನ ದವಾಖಾನಿ. ಕುರ್ಚಿಯಲ್ಲಿ ಅಂಗಾತ ಮಲಗಿದಾತ ಸೂಗಮ್ಮನ ಗಂಡ, ಕೊಡ್ಲಿ ಊರಿನ ಬಸವಲಿಂಗಯ್ಯ. ಮಳೆಗೆ ತೊಯ್ದ ಪರಸಿ ಕಲ್ಲಿನ ಮೆಟ್ಟಿಲ ಮೇಲೆ ಜಾರಿ ಗದ್ದ ಬಡಿದುಕೊಂಡು ಕೆಳದವಡೆ ಮುರಿದುಕೊಂಡಿದ್ದ. ಭಾನುವಾರಕ್ಕೊಮ್ಮೆ ಇಲ್ಲಿಗೆ ಬರುವ ಡಾಕ್ಟರ್ ವಂದನಾ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು, ಬಾಯಿ ತೆರೆಯದಂತೆ ಕಟ್ಟಿ ಕಳಿಸಿದ್ದಳು. ಅವತ್ತಿನಿಂದ ಆತನಿಗೆ ಹಾಲು ಗಂಜಿಯೇ ಗತಿ. ಅದನ್ನೂ ನಳಿಗೆಯಲ್ಲಿ ಹೀರಬೇಕು.

—ಇದನ್ನ ಕಲೀಲಿಕ್ಕೆ ಎಷ್ಟು ವರ್ಷ ಓದೀರಿ?

—ಹಲ್ಲಿಂದು ಐದು ವರ್ಷ. ಆಮ್ಯಾಲ ದವಡಿ, ಮುಖದ ಎಲುಬಿನ ಆಪರೇಷನ್ ಕಲೀಲಿಕ್ಕೆ ಮತ್ತ ಮೂರು.

—ಒಂದು ಗಂಡಸಿನ ಬಾಯಿ ಮುಚ್ಚಸ್ಲಿಕ್ಕೆ ಎಂಟು ವರ್ಷ. ನಾ ಮದಿವಿ ಆದಾಗಿಂದ ನಡಸೀನಿ, ಇನ್ನಾ ಪಾಸಾಗಿಲ್ಲ.

ವಂದನಾ ನಗಲಿಲ್ಲ. ಪ್ಲಾಸ್ಟರಿನ ದವಡೆಗೆ ತಂತಿ ಕಟ್ಟಿ ಕಟ್ಟಿ ಬೆರಳು ಗೀರಿಕೊಂಡು ಕಲಿತ ವಿದ್ಯೆ ಅದು. ಹೆಂಗ ಕಟ್ಟಬೇಕು, ಯಾವಾಗ ಕತ್ತರಿಸಬೇಕು ಅಂತ ಮಾಸ್ತರರು ಹೇಳಿಕೊಟ್ಟಿದ್ದರು. ಕತ್ತರಿಸಬ್ಯಾಡ ಅಂತ ಹೆಂಡತಿ ಕೈ ಹಿಡಿದರೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಬೈಗುಳ ತಪ್ಪಿ ನಿಮಗೆ ಆರಾಮಾಗ್ಯದೇನು ಅಂತ ಕೇಳಿದಳು.

—ಬೈಲಿ ಬಿಡ್ರಿ, ನಂಗ ರೂಢಿ ಅದ. ಹೊರಗ ಬಾಕಿನ ಮ್ಯಾಲ ಕುಂತಾನಲ್ಲ, ಅಂವಂದು ನಂಗ ಚಿಂತಿ.

ಹೊರಗೆ ಗಂಜಿಯ ಡಬ್ಬಿ ತೊಡೆಯ ಮೇಲಿಟ್ಟು ಕೂತವ ಗುರುಲಿಂಗಯ್ಯ, ಬಸವಲಿಂಗಯ್ಯನ ಖಾಸ ತಮ್ಮ. ಹೊಲಮನಿ ಪಾಲಾದಾಗ ಅಪ್ಪ ದಿನಾ ನೆರಳಿಗೆ ಕೂಡುತ್ತಿದ್ದ ಬೇವಿನ ಗಿಡ ತಮ್ಮನ ಪಾಲಿಗೆ ಹೋಯಿತು. ತಮ್ಮ ಅದನ್ನು ಕಡಿಸಿ ಬಾಗಿಲ ಚೌಕಟ್ಟು ಮಾಡಿಸಿದ. ಅವತ್ತೇ ಬಸವಲಿಂಗಯ್ಯ, ಇನ್ನ ನಿನ್ನ ಜೋಡಿ ಮಾತಾಡಿದ್ರ ನಾ ಅಪ್ಪನ ಮಗನೇ ಅಲ್ಲ ಅಂತ ಆಣಿ ಮಾಡಿದ್ದ. ನಡುವೆ ಒಂದೇ ಗ್ವಾಡಿ, ಆದರೂ ವರ್ಷಗಟ್ಟಲೆ ಒಂದು ಮಾತಿಲ್ಲ. ದವಡೆ ಮುರಿದ ಸುದ್ದಿ ಕೇಳಿ ತಮ್ಮ ಓಡಿ ಬಂದ. ಅಣ್ಣ ಬೈಯಲಿಲ್ಲ. ಅಣ್ಣ ಕ್ಷಮಿಸಿಬಿಟ್ಟ ಅಂತ ತಿಳಿದು ತಮ್ಮ ಕಾಲ ಬಳಿ ಕೂತು ಗೊಳೋ ಅಂತ ಅತ್ತ. ಆಮೇಲೆ ದಿನಾ ಗಂಜಿ ತಂದ. ಇಬ್ಬರೂ ಕಟ್ಟೆಯ ಮೇಲೆ ಕೂಡುವುದನ್ನು ನೋಡಿ ಸೂಗಮ್ಮನ ಹೊಟ್ಟೆ ತಣ್ಣಗಾಗಿತ್ತು. ಇದನ್ನೆಲ್ಲ ಹೇಳುವಾಗ ಆಕೆಯ ಕಣ್ಣಲ್ಲಿ ನೀರು.

—ಈ ಬಾಯಿ ಬಿಚ್ಚಿದ್ರ ಎಲ್ಲಾ ಹಾಳಾಗ್ತದ್ರಿ. ಮೊದಲನೇ ಬೈಗಳ ಅವಂಗೇ.

ವಂದನಾ ಪಾಪ ಅಂದಳು, ಆದರೂ ಕತ್ತರಿ ತೆಗೆದುಕೊಂಡಳು. ಕಟ್, ಕಟ್ ಅಂತ ತಂತಿ ಒಂದೊಂದಾಗಿ ತಟ್ಟೆಗೆ ಬಿತ್ತು. ಸೂಗಮ್ಮ ಗ್ವಾಡಿ ಕಡೆ ಮುಖ ಮಾಡಿ ನಿಂತಳು. ಬಸವಲಿಂಗಯ್ಯ ದವಡೆಯನ್ನು ಅತ್ತ ಇತ್ತ ಆಡಿಸಿದ, ಎರಡು ಬೆರಳಷ್ಟು ಬಾಯಿ ತೆರೆದ.

—ಮತ್ತ ಕಟ್ರಿ, ಅಂದ.

—ಯಾಕ್ರಿ? ನೋವದ ಏನು?

—ನೋವಿಲ್ಲ. ಕಟ್ಟಿದ್ರ ಅಂವನ ಬಾಜೂಕ ಕುಂದರ್ಲಿಕ್ಕೆ ಬರ್ತಿತ್ತು. ಆಣಿನೂ ಮುರೀತಿರಲಿಲ್ಲ. ಇನ್ನ ಅಂವ ಮಾತಾಡಸ್ತಾನ, ನಾ ಏನ್ಮಾಡ್ಲಿ?

—ತಂತಿ ಇದ್ರೂ ಹಲ್ಲಿನ ಸಂದಿಲಿಂದ ಮಾತಾಡ್ಲಿಕ್ಕೆ ಬರ್ತದಲ್ರಿ. ನಮ್ಮ ಪೇಶಂಟರು ತಂತಿ ಕಟಗೊಂಡೇ ಜಗಳ ಮಾಡ್ತಾರ.

—ನಂಗೂ ಬರ್ತಿತ್ತು.

ಸೂಗಮ್ಮ ಗ್ವಾಡಿ ಬಿಟ್ಟು ತಿರುಗಿದಳು. ಇಷ್ಟು ದಿನ ಕೈಸನ್ನೆ ನೋಡಿ ನೋಡಿ, ನೀರು ಕೇಳಿದರೆ ಮಜ್ಜಿಗೆ ಕೊಟ್ಟು, ಬೀಸಣಿಗೆ ಕೇಳಿದರೆ ಕಂಬಳಿ ಹೊದಿಸಿ ಸುಸ್ತಾದವಳು ಆಕೆ. ಹೆಂಡತಿ ಜೋಡಿಯಾದರೂ ಮಾತಾಡಬೇಕಿಲ್ಲೇನು ಅಂತ ಕೇಳಿದಳು. ನಿನ್ನ ಜೋಡಿ ಮಾತಾಡಿದ್ರ ಗ್ವಾಡಿ ಆಚೆಗೂ ಕೇಳಸ್ತಿತ್ತು ಅಂದ ಬಸವಲಿಂಗಯ್ಯ.

ವಂದನಾ ಕೈಗವಸು ಕಳಚಿ ಕಟ್ಟುನಿಟ್ಟಾಗಿ ಹೇಳಿದಳು. ತಂತಿ ಮತ್ತೆ ಕಟ್ಟುವುದಿಲ್ಲ. ಇಷ್ಟು ದಿನ ಬಿಗಿದಿಟ್ಟ ದವಡೆ ಗಡಸಾಗಿರುತ್ತದೆ. ಮುಂಜಾನೆ ಸಂಜಿ ಬಾಯಿ ತೆರೆದು ವ್ಯಾಯಾಮ ಮಾಡಬೇಕು, ಮಾತಾಡಬೇಕು. ಸುಮ್ಮನೆ ಕೂತರೆ ದವಡೆ ಹಿಡಿದುಕೊಳ್ಳುತ್ತದೆ.

ಸೂಗಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಗಂಡನ ಮುಂದೆ ಬಂದು ನಿಂತಳು.

—ಶಿವರಾತ್ರಿ ಉಪಾಸದಾಗ ಬಿಪಿ ಗುಳಿಗಿ ನುಂಗತೀರಿ. ಉಪಾಸ ಕೆಡ್ತದೇನು?

—ಹೆಂಗ ಕೆಡ್ತದ? ಅದು ಔಷಧ.

—ಇದೂ ಔಷಧನೇ. ಡಾಕ್ಟರವ್ವ, ಮಾತಾಡಬೇಕಂತ ಚೀಟಿ ಮ್ಯಾಲ ಬರದು ಕೊಡ್ರಿ. ಎಷ್ಟು ದಿನ?

—ಒಂದು ತಿಂಗಳು, ಅಂತ ವಂದನಾ ಬರೆದಳು.

ಬಸವಲಿಂಗಯ್ಯ ಕುರ್ಚಿಯಿಂದ ಇಳಿದು ಚೀಟಿಯ ಮೇಲೆ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ ಅಂದ:

—ಯಾರ ಜೋಡಿ ಅಂಬೋದೂ ಬರೀರಿ. ಇಲ್ಲಂದ್ರ ನಂಗ ಮರೀತದ.

ವಂದನಾ ಹೆಸರು ಕೇಳಿಕೊಂಡು ಅದನ್ನೂ ಬರೆದಳು. ಅಂಥ ಔಷಧದ ಹೆಸರು ಆಕೆ ಹಿಂದೆಂದೂ ಬರೆದಿರಲಿಲ್ಲ.

ಹೊರಗೆ ಬಂದಾಗ ಗುರುಲಿಂಗಯ್ಯ ಡಬ್ಬಿ ಹಿಡಿದು ಎದ್ದು ನಿಂತ. ಹೆಂಗದ ಅಣ್ಣಾ ಅಂತ ಕೇಳಲಿಕ್ಕೂ ಅವನಿಗೆ ಅಂಜಿಕೆ. ಬಸವಲಿಂಗಯ್ಯ ಡಬ್ಬಿಯ ಮುಚ್ಚಳ ತೆಗೆದು ನೋಡಿದ.

—ದಿನಾ ಗಂಜಿ ತಂದಿ. ಒಂದಿನಾನಾದ್ರೂ ಉಪ್ಪು ಹಾಕಿದ್ದೇನು?

ಗುರುಲಿಂಗಯ್ಯ ಡಬ್ಬಿಯನ್ನು ಬಾಕಿನ ಮೇಲಿಟ್ಟ.

—ಅಣ್ಣಾ, ನನ್ನ ಜೋಡಿ ಮಾತಾಡ್ದಿ?

—ಮಾತಲ್ಲ ಇದು, ಔಷಧ. ಡಾಕ್ಟರವ್ವ ನಿನ್ನ ಹೆಸರಲೇ ಬರದಾಳ.

—ಎಷ್ಟು ದಿನದ್ದು?

—ಜೀವ ಇರೋತನಾ ಅಂತ. ಏನ್ಮಾಡ್ಲಿಕ್ಕೆ ಬರ್ತದ, ನಡಿ.

ಸೂಗಮ್ಮ ಚೀಟಿಯನ್ನು ಸಣ್ಣಗೆ ಮಡಚಿ ಸೊಂಟದ ಚೀಲಕ್ಕೆ ಸೇರಿಸಿದಳು. ಬಸ್ ಸ್ಟ್ಯಾಂಡಿನ ತನಕ ಆಕೆ ಬಾಯಿ ಬಿಡಲಿಲ್ಲ.