ಚಿದಂಬರ ಆರಕ್ಕೆ ಎದ್ದ

ಬೆಳಗ್ಗೆ ಊಟದ ಡಬ್ಬಿ ಕೈಗಿಡುವಾಗ ಸುಲೋಚನಾ ಗಂಡನಿಗೆ ಹೇಳಿದಳು: "ಇವತ್ತ ಏಳಕ್ಕ ಕನ್ನಡ ಸಂಘದಾಗ ನನ್ನ ಹಾಡು ಐತ್ರಿ. ಇಪ್ಪತ್ತು ವರ್ಷದ ಮ್ಯಾಲೆ ಸ್ಟೇಜ್ ಹತ್ತಾಕತ್ತೀನಿ. ಬರೋಬರ್ ಆರಕ್ಕ ಆಫೀಸ್ ಬಿಡ್ರಿ."

"ಬಿಡ್ತೀನಿ," ಎಂದ ಚಿದಂಬರ.

ಧಾರವಾಡದ ಚಿದಂಬರ ನಾಗಪುರಕ್ಕೆ ಬಂದು ಆರು ವರ್ಷ. ವಿಮಾನ ನಿಲ್ದಾಣದ ಪಕ್ಕದ ಮಿಹಾನ್ ಕೈಗಾರಿಕಾ ಪ್ರದೇಶದಲ್ಲಿ, ವಿಮಾನ ದುರಸ್ತಿಯ ಕಾಗದಪತ್ರ ನೋಡಿಕೊಳ್ಳುವ ಕಂಪನಿಯಲ್ಲಿ ಕೆಲಸ. ಕಚೇರಿಯ ವೇಳೆ ಆರರವರೆಗೆ ಎಂದು ಗೋಡೆಯ ಮೇಲೇ ಬರೆದಿತ್ತು. ಆದರೆ ಮ್ಯಾನೇಜರ್ ವಾನಖೇಡೆ ಸಾಹೇಬರು ಏಳದೆ ಯಾರೂ ಏಳುವಂತಿರಲಿಲ್ಲ. ಸಾಹೇಬರೋ ಎಂಟೂವರೆಯವರೆಗೂ ಗೋಂದು ಹಚ್ಚಿ ಅಂಟಿಸಿದಂತೆ ಕುರ್ಚಿಯಲ್ಲೇ ಇರುತ್ತಿದ್ದರು. ಕೆಲಸ ಮುಗಿದಿದ್ದರೂ ಉಳಿದ ಹತ್ತು ಮಂದಿ ಕಂಪ್ಯೂಟರಿನ ಮುಂದೆ ಕಣ್ಣು ತೆರೆದೇ ನಿದ್ದೆ ಮಾಡುವುದನ್ನು ಕಲಿತಿದ್ದರು.

ಸರಿಯಾಗಿ ಆರಕ್ಕೆ ಚಿದಂಬರ ಎದ್ದ. ಕುರ್ಚಿ ಕಿರ್ರೆಂದಿತು. ಒಂಬತ್ತು ತಲೆಗಳು ತಿರುಗಿದವು.

"ಯಾಕ್ರಿ, ಹಾಫ್ ಡೇ ಏನು?" ಎಂದ ಪಕ್ಕದ ಮೇಜಿನ ಧನಂಜಯ.

"ಅಯ್ಯೋ, ಮುಖ ಎಷ್ಟು ಬಾಡಿದೆ! ಹುಷಾರಿಲ್ವಾ?" ಎಂದಳು ಮೈಸೂರಿನ ಭಾನುಮತಿ. ಆರು ವರ್ಷದಿಂದಲೂ ಆ ಮುಖ ಹಾಗೇ ಇತ್ತು.

ಹೆಂಡತಿಯ ಹಾಡು ಎನ್ನಲು ನಾಲಿಗೆ ಏಳಲಿಲ್ಲ. "ಹೊಟ್ಟಿ..." ಎಂದು ತೊದಲಿದ. ಅಷ್ಟೇ ಸಾಕಾಯಿತು. ಭಾನುಮತಿ ಓಂಕಾಳು, ಬಿಸಿನೀರು ತಂದಳು. "ಅಪೆಂಡಿಕ್ಸ್ ಇರಬೇಕು, ನಮ್ಮ ಮಾವಗ ಹಿಂಗ ಆಗಿತ್ತು," ಎನ್ನುತ್ತ ಧನಂಜಯ ಅವನನ್ನು ಮೇಜಿನ ಮೇಲೆ ಮಲಗಿಸಿದ. ಯಾರೋ ಆಂಬುಲೆನ್ಸಿಗೆ ಫೋನ್ ಹಚ್ಚಿದರು. ಗದ್ದಲಕ್ಕೆ ಸಾಹೇಬರು ಹೊರಗೆ ಬಂದರು.

ಬಾಯಿತುಂಬ ಓಂಕಾಳು ಅಗಿಯುತ್ತಿದ್ದ ಚಿದಂಬರ ಎದ್ದು ಕೂತ. ಇನ್ನು ಸುಳ್ಳು ಹೇಳಲೂ ಅವನಲ್ಲಿ ತ್ರಾಣವಿರಲಿಲ್ಲ. "ಸಾಬ್, ಹೊಟ್ಟೆ ನೋವಿಲ್ಲ. ಕನ್ನಡ ಸಂಘದಲ್ಲಿ ಏಳಕ್ಕೆ ಹೆಂಡತಿಯ ಹಾಡಿದೆ. ಆರು ಹೊಡೆಯಿತು. ನಾನು ಹೊರಡಬೇಕು," ಎಂದ ಹಿಂದಿಯಲ್ಲಿ.

ಸಾಹೇಬರ ಕಣ್ಣು ತೇವವಾಯಿತು.

"ಅರೇ ಚಿದಂಬರ್‌ಜೀ! ಇಷ್ಟು ವರ್ಷ ನೀವೆಲ್ಲ ಏಳಲಿ ಅಂತ ನಾನು ಕಾಯ್ತಿದ್ದೆ. ಹುಡುಗರು ಕೆಲಸ ಮಾಡ್ತಿರುವಾಗ ನಾನೊಬ್ಬ ಹೇಗೆ ಹೋಗಲಿ? ನಡೀರಿ, ಇವತ್ತಿನಿಂದ ಎಲ್ಲರೂ ಆರಕ್ಕೇ!"

ಜನ ಸಿನಿಮಾ ಬಿಟ್ಟಂತೆ ಎದ್ದರು. ಚಿದಂಬರನೂ ಚೀಲ ಹೆಗಲಿಗೇರಿಸಿದ. ಬಾಗಿಲಲ್ಲಿ ಸಾಹೇಬರು ಅವನ ಭುಜ ತಟ್ಟಿದರು. "ಇಂಥ ಧೈರ್ಯದವರೇ ಇದಕ್ಕೆ ಬೇಕು. ಈ ಜವಾಬ್ದಾರಿ ನಿಮ್ಮದೇ. ಎಲ್ಲರೂ ಮನೆ ಮುಟ್ಟಿದರಾ ಅಂತ ಒಬ್ಬೊಬ್ಬರಿಗೂ ಫೋನ್ ಮಾಡಿ, ವೇಳೆ ಬರೆದು, ಇಲ್ಲಿಂದಲೇ ನನಗೆ ಮೇಲ್ ಕಳಿಸಿ. ಆಮೇಲೆ ಬೀಗ ಹಾಕಿ ಹೊರಡಿ."

ಸಾಹೇಬರೂ ಸೇರಿ ಎಲ್ಲರನ್ನೂ ತುಂಬಿಕೊಂಡು ಕಂಪನಿಯ ಗಾಡಿ ಹೋಯಿತು.

ಆರೂವರೆಗೆ ಚಿದಂಬರ ಫೋನ್ ಮಾಡತೊಡಗಿದ. ಧನಂಜಯ ಎತ್ತಲಿಲ್ಲ. ಭಾನುಮತಿಯೂ ಎತ್ತಲಿಲ್ಲ. ಒಬ್ಬರೂ ಎತ್ತಲಿಲ್ಲ. ಏಳಾಯಿತು, ಏಳೂವರೆಯಾಯಿತು. ಖಾಲಿ ಕುರ್ಚಿಗಳ ನಡುವೆ ಕೂತು ಮತ್ತೆ ಮತ್ತೆ ನಂಬರ್ ಒತ್ತಿದ.

ಕಡೆಗೆ ಅವನ ಫೋನೇ ಬಡಿದುಕೊಂಡಿತು. ಸುಲೋಚನಾ.

"ಎಲ್ಲಿದ್ದೀರಿ? ನನ್ನ ಹಾಡು ಮುಗೀತು. ನಿಮ್ಮ ಆಫೀಸಿನವ್ರು ಎಲ್ಲಾರೂ ಕಂಪನಿ ಗಾಡ್ಯಾಗ ಸೀದಾ ಇಲ್ಲಿಗೇ ಬಂದು, ಫೋನ್ ಸೈಲೆಂಟ್ ಮಾಡಿ ಕುಂತು ಕೇಳಿದ್ರು. ಚಪ್ಪಾಳಿನೋ ಚಪ್ಪಾಳಿ! ಈಗ ನಿಮ್ಮ ಸಾಹೇಬ್ರು ಕೇಳಾಕತ್ತಾರ, ಹೆಂಡ್ತಿ ಹಾಡಿಗೆ ಬರೂದು ಬಿಟ್ಟು ಚಿದಂಬರ ಎಲ್ಲಿ ಹ್ವಾದ್ರು ಅಂತ."