ಬಳ್ಳಾರಿಯಲ್ಲಿ ಸಪ್ಪೆ ಸಾರು ಹುಡುಕಿದ್ದು

ಹೊಸ ಊರಿನಲ್ಲಿ ಹೋಟೆಲು ಹುಡುಕುವುದೇನು ಬ್ರಹ್ಮವಿದ್ಯೆಯೇ ಎಂದು ನೀವು ಕೇಳಬಹುದು. ನನ್ನ ಪಾಲಿಗಂತೂ ಹೌದು. ಅಕ್ಕಿ ಗಿರಣಿಯ ಯಂತ್ರ ರಿಪೇರಿ ಮಾಡುತ್ತಾ ಊರೂರು ಸುತ್ತುವವನು ನಾನು. ಎಂಥ ಹಟಮಾರಿ ಮೋಟಾರಿನ ಮನಸ್ಸಾದರೂ ನನಗೆ ತಿಳಿಯುತ್ತದೆ. ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ ಜನ ಹೇಳುವುದು ಮಾತ್ರ ಇವತ್ತಿಗೂ ತಲೆಗೆ ಹೋಗುವುದಿಲ್ಲ.

ಈ ಸಲ ಕಂಪನಿ ನನ್ನನ್ನು ಬಳ್ಳಾರಿ ನಡುಪೇಟೆಯ ಒಂದು ಲಾಡ್ಜಿನಲ್ಲಿ ಒಂದು ತಿಂಗಳು ಇಳಿಸಿತ್ತು. ಕೆಲಸ ಸಿರುಗುಪ್ಪ, ಕುರುಗೋಡು ಕಡೆಯ ಗಿರಣಿಗಳಲ್ಲಿ. ಹೊರಡುವ ಹಿಂದಿನ ದಿನ ತುಮಕೂರಿನ ಡಾಕ್ಟರು, "ಹೊಟ್ಟೇಲಿ ಹುಣ್ಣಾಗಿದೆ, ಖಾರ ಮುಟ್ಟಬೇಡಿ" ಅಂದರು. ನಮ್ಮ ಮ್ಯಾನೇಜರು, "ಹೋದ ಸಲದ ಥರ ಹೊಟ್ಟೆ ಹಿಡ್ಕೊಂಡು ಮಲಗಿದ್ರೆ ಟೂರ್ ಬಂದ್. ಗೋಡೌನ್ ನೋಡ್ಕೊಂಡಿರಿ" ಅಂದರು. ಗೋಡೌನಿನವರಿಗೆ ಟೂರ್ ಭತ್ಯೆ ಇಲ್ಲ. ಮಗಳ ನರ್ಸಿಂಗ್ ಓದು ನಡೆಯುತ್ತಿದ್ದದ್ದೇ ಆ ಭತ್ಯೆಯ ಮೇಲೆ. ಹಾಗಾಗಿ ನನಗೆ ಬೇಕಾಗಿದ್ದದ್ದು ಲಾಡ್ಜಿಗೆ ಹತ್ತಿರವಾದ, ಜೇಬಿಗೆ ಹಗುರವಾದ, ಖಾರವಿಲ್ಲದ ಊಟ. ಅದೂ ಬಳ್ಳಾರಿಯಲ್ಲಿ. ನಗಬೇಡಿ, ನನಗೆ ಆಗ ಅಳು ಬರುತ್ತಿತ್ತು.

ಇತ್ತಲ್ರಿ!

ಮೊದಲು ಲಾಡ್ಜಿನ ಕೌಂಟರಿನವನನ್ನು ಕೇಳಿದೆ.

"ಬ್ರೂಸ್‌ಪೇಟ್ಯಾಗ ಒಂದು ಚಲೋ ಖಾನಾವಳಿ ಐತ್ರಿ. ಹಿಂಗ ಸೀದಾ ಹೋಗ್ರಿ. ಮೂಲ್ಯಾಗ ದೊಡ್ಡ ಬೇವಿನ ಗಿಡ ಇತ್ತಲ್ರಿ, ಅಲ್ಲಿ ಬಲಕ್ಕ ಹೊಳ್ರಿ."

ಹೋದೆ. ಮರವೇ ಇಲ್ಲ. ಇಲ್ಲದ ಮರದ ಹತ್ತಿರ ಬಲಕ್ಕೆ ತಿರುಗುವುದು ಹೇಗೆ? ಪಾನ್ ಅಂಗಡಿಯವನನ್ನು ಕೇಳಿದರೆ, "ಹಳೇ ಟೈರಿನ ಅಂಗಡಿ ಇತ್ತು ನೋಡ್ರಿ, ಅದರ ಹಿಂದ" ಅಂದ.

"ಈಗ ಎಲ್ಲಿದೆ ಆ ಅಂಗಡಿ?"

"ಈಗೆಲ್ಲೈತ್ರಿ, ಕೆಡವಿ ಭಾಳ ವರ್ಷಾತು."

ಗಲ್ಲಿ ಗಲ್ಲಿ ಸುತ್ತಿ, ಗಾಡಿ, ಮೂಟೆಗಳ ನಡುವೆ ನುಸುಳಿ, ಕೊನೆಗೆ ಒಂದು ಬಟ್ಟೆ ಅಂಗಡಿ ಹತ್ತಿದೆ. ಅಲ್ಲಿನ ಯಜಮಾನರು ಖಾನಾವಳಿ ಎಂಬ ಮಾತು ಕೇಳಿದ ಕೂಡಲೇ ಕನ್ನಡಕ ತೆಗೆದು ಪಕ್ಕಕ್ಕಿಟ್ಟರು.

"ಏನ್ ರುಚಿ ಅಂತೀರಿ! ಬಿಸಿ ರೊಟ್ಟಿ, ಅದರ ಮ್ಯಾಲೆ ಬೆಣ್ಣಿ, ಗಟ್ಟಿ ಬ್ಯಾಳಿ..." ಹತ್ತು ನಿಮಿಷ ಬಡಿಸಿದರು, ಬರೀ ಬಾಯಲ್ಲಿ.

"ಯಜಮಾನ್ರೇ, ಅದಿರೋದು ಎಲ್ಲಿ?"

"ಇಲ್ಲೇ ರೀ. ಈಗ ನೀವು ನಿಂತೀರಲ್ಲ, ಇಲ್ಲೇ ಇತ್ತು."

ಸಿರುಗುಪ್ಪದ ಕರುಣೆ

ಮಾರನೇ ದಿನ ಸಿರುಗುಪ್ಪ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಕೂತು ಮೆಲ್ಲಗೆ, "ಮಂಡಕ್ಕಿ ಒಗ್ಗರಣೆ ಕೊಡಿ, ಖಾರವೇ ಬೇಡ" ಅಂದೆ.

ಸಪ್ಲೈಯರ್ ನನ್ನ ಮುಖ ನೋಡಿ, ಒಳಗೆ ಕೂಗಿದ: "ಏ, ಖಾರ ಬ್ಯಾಡಂತಪೋ!"

ಇಡೀ ಹೋಟೆಲು ತಿರುಗಿ ನೋಡಿತು. ಒಳಗಿನಿಂದ ಅಡುಗೆಯವನೇ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದ. "ಯಾಕ್ರಿ ಅಣ್ಣಾರ, ಮೈಯಾಗ ಹುಷಾರಿಲ್ಲೇನು?" ಪಕ್ಕದ ಟೇಬಲ್ಲಿನವರು ತೆಲುಗಿನಲ್ಲಿ, "ಏಮಂಡೀ, ಆಪರೇಶನ್ನಾ?" ಅಂದರು. ಪಕ್ಕದ ಹಳ್ಳಿ ಕರೂರಿನ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜ ಎದ್ದು, ಫ್ಯಾನಿನ ಕೆಳಗಿದ್ದ ತನ್ನ ಜಾಗವನ್ನೇ ನನಗೆ ಬಿಟ್ಟುಕೊಟ್ಟ. ಹುಷಾರಾಗಿಯೇ ಇದ್ದೇನೆ ಎಂದರೆ ಯಾರೂ ನಂಬುತ್ತಿಲ್ಲ. ನಾನೂ ಸ್ವಲ್ಪ ಹೊತ್ತು ರೋಗಿಯ ಹಾಗೇ ಕೂತೆ.

ತಟ್ಟೆ ಬಂತು. ಒಗ್ಗರಣೆ ಹಾಲಿನಂತೆ ಸಪ್ಪಗಿತ್ತು, ನಿಜ. ಆದರೆ ಅದರ ಮೇಲೆ ಬೆರಳುದ್ದದ ಎರಡು ಬಿಸಿ ಮಿರ್ಚಿ ಬಜ್ಜಿ ಮಲಗಿದ್ದವು.

"ಇದೇನಪ್ಪ ಇದು?"

ಅಡುಗೆಯವನು ನನ್ನ ಹೆಗಲ ಮೇಲೆ ಕೈಯಿಟ್ಟ. "ಒಗ್ಗರಣಿ ನೀವು ಹೇಳಿದಂಗ ಸಪ್ಪಗ ಮಾಡೀನ್ರಿ. ಬಾಯಿ ಕೆಟ್ಟಿರತೈತಲ್ಲ, ರುಚಿಗಿರ್ಲಿ ಅಂತ ಎರಡು ಮಿರ್ಚಿ ನನ್ನ ಲೆಕ್ಕದಾಗ."

ಕುರುಗೋಡಿನ ಎದುರುಬದುರು

ಕುರುಗೋಡಿನಲ್ಲಿ ರಸ್ತೆಯ ಈಚೆಗೊಂದು, ಆಚೆಗೊಂದು ಊಟದ ಹೋಟೆಲು. ಗೋಡೆ ಮೇಲಿನ ರೇಟೂ ಒಂದೇ. ಯಾವುದಕ್ಕೆ ನುಗ್ಗುವುದು? ನಾನು ಬಲು ಜಾಣ ಅಂದುಕೊಂಡು ಈಚೆಯ ಮಾಲೀಕನನ್ನು ಕೇಳಿದೆ: "ನಿಜ ಹೇಳಿ, ನೀವು ಮಧ್ಯಾಹ್ನ ಎಲ್ಲಿ ಊಟ ಮಾಡ್ತೀರಿ?"

ಆತ ಸಂಕೋಚವೇ ಇಲ್ಲದೆ ಎದುರಿನ ಹೋಟೆಲು ತೋರಿಸಿದ.

ಅಬ್ಬಾ, ಸತ್ಯವಂತ! ರಸ್ತೆ ದಾಟಿ ಓಡಿದೆ. ಆಚೆಯ ಗಲ್ಲಾದಲ್ಲಿ ಒಬ್ಬ ಮುದುಕಪ್ಪ. ಮಾಲೀಕ ಎಲ್ಲಿ ಎಂದು ಕೇಳಿದರೆ, "ಊಟಕ್ಕ ಹೋಗ್ಯಾನ್ರಿ, ಎದುರಿಗೆ" ಎಂದು ನಾನು ಬಿಟ್ಟು ಬಂದ ಹೋಟೆಲನ್ನೇ ತೋರಿಸಿದ. ಮತ್ತೆ ರಸ್ತೆ ದಾಟಿದೆ. ಅಷ್ಟರಲ್ಲಿ ಈಚೆಯವನು ಆಚೆಗೆ ಹೊರಟಿದ್ದ. ಇಲ್ಲಿ ಆಚೆಯವನು ಕೂತು ಬೆರಳು ನೆಕ್ಕುತ್ತಿದ್ದ.

"ಇದೇನ್ರೀ, ಇಬ್ಬರೂ ಹೀಗೆ?"

"ದಿನಾ ನಮ್ಮ ಅಡಗಿ ವಾಸನಿ ನಮಗ ಸಾಕಾಗಿರತೈತ್ರಿ. ಅವನು ನಮ್ಮಲ್ಲಿ, ನಾನು ಅವನಲ್ಲಿ."

"ಸರಿ, ನನಗೂ ಒಂದು ಊಟ ಹಾಕಿಸಿ."

"ಅಯ್ಯ, ಇಲ್ಲಿ ಕಡೀ ಊಟ ಇದ ಆತಲ್ರಿ. ನಮ್ಮ ಹೋಟ್ಲಾಗ ಇನ್ನೊಂದು ಊಟಕ್ಕ ಆಗೋಷ್ಟಿತ್ತು. ಓಡ್ರಿ, ಅಂವ ಉಣ್ಣಾಕ ಇನ್ನೂ ಕೂತಿರಾಕಿಲ್ಲ!"

ಓಡಿದೆ. ಅಂವ ಕೂತು, ಉಂಡು, ಕೈಯನ್ನೂ ತೊಳೆಯುತ್ತಿದ್ದ.

ಕೆಂಪು ಸಾರು

ಆಮೇಲೆ ಮೂರು ದಿನ ಬರೀ ಬಾಳೆಹಣ್ಣು, ಬ್ರೆಡ್ಡು. ಲಾಡ್ಜಿನ ಕಸ ಗುಡಿಸುವ ಹೆಂಗಸು ಬುಟ್ಟಿಯಲ್ಲಿದ್ದ ಸಿಪ್ಪೆಯ ರಾಶಿ ನೋಡಿ ಮರುಗಿದಳು. "ಇದನ್ನ ತಿಂದು ಹೆಂಗ ದುಡೀತೀರ್ರಿ? ಬರ್ರಿ ನನ್ನ ಜೋಡಿ" ಎಂದು ಎರಡು ಗಲ್ಲಿ ಆಚೆಗಿನ ಒಂದು ಮನೆಗೆ ಕರೆದೊಯ್ದಳು. ಬೋರ್ಡಿಲ್ಲ. ಒಳಗೆ ಹತ್ತಾರು ಜನ ಹಮಾಲರು ಬೆವರು ಸುರಿಸುತ್ತಾ ಉಣ್ಣುತ್ತಿದ್ದರು. ಖಾನಾವಳಿ ನಡೆಸುವ ಅಮ್ಮ ನನ್ನ ಕಥೆಯನ್ನೆಲ್ಲ ಕೇಳಿ, "ಕೂಡ್ರಿ, ಮಾಡ್ಕೊಡ್ತೀನಿ" ಅಂದರು.

ತಟ್ಟೆ ನೋಡಿ ಚಾಚಿದ ಕೈ ಹಿಂದಕ್ಕೆಳೆದುಕೊಂಡೆ. ಸಾರು ಕುಂಕುಮದಂತೆ ಕೆಂಪು!

"ಅಮ್ಮಾ, ನಾನು ಹೇಳಿದ್ದು..."

"ಉಂಡು ನೋಡ್ರಿ ಮೊದಲ."

ಉಂಡೆ. ಖಾರ ಹೆಸರಿಗೂ ಇಲ್ಲ. ನಾನು ಕಕ್ಕಾಬಿಕ್ಕಿಯಾದೆ. ಅಮ್ಮ ಹತ್ತಿರ ಬಂದು ಪಿಸುಗುಟ್ಟಿದರು: "ಬ್ಯಾಡಗಿ ಮೆಣಸಿನಕಾಯಿ, ಬೀಜ ತಗದು ಬಣ್ಣಕ್ಕಷ್ಟ ಹಾಕೀನಿ. ಬಿಳೀ ಸಾರು ಬಡಸಿದ್ರ ಈ ಮಂದಿ ಏನಂದಾರು? ಅಕ್ಕನ ಕೈರುಚಿ ಹೋತು ಅಂತಾರ. ನಿಮ್ಮ ಹೊಟ್ಟೀನೂ ಉಳೀಲಿ, ನನ್ನ ಮಾನಾನೂ ಉಳೀಲಿ. ಯಾರಿಗೂ ಹೇಳಬ್ಯಾಡ್ರಿ."

ಆ ತಾಯಿಯ ಕಾಲಿಗೆ ಬೀಳಬೇಕೆನ್ನಿಸಿತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಇಪ್ಪತ್ತು ದಿನ ಅಲ್ಲೇ ಉಂಡೆ. ಹೊಟ್ಟೆ ತಣ್ಣಗಾಯಿತು, ಕೆಲಸವೂ ಸಾಗಿತು.

ಕೊನೆಯ ವಾರ ಹೇಳದೆ ಕೇಳದೆ ಮ್ಯಾನೇಜರು ಬಂದಿಳಿದರು. "ನೀವು ಉಣ್ಣೋ ಕಡೇನೇ ಕರ್ಕೊಂಡು ಹೋಗಿ. ನಿಮ್ಮ ಹೊಟ್ಟೆ ಹೇಗಿದೆ ಕಣ್ಣಾರೆ ನೋಡ್ಬೇಕು" ಅಂದರು. ಟೂರೋ ಗೋಡೌನೋ, ಆ ತಟ್ಟೆಯ ಮೇಲೆ ತೀರ್ಮಾನ. ಅಮ್ಮ ಅವರಿಗೆ ದೊಡ್ಡ ಪಾತ್ರೆಯಿಂದ ಬಡಿಸಿದರು, ನನಗೆ ಒಳಗಿನ ಸಣ್ಣ ಪಾತ್ರೆಯಿಂದ. ಎರಡೂ ತಟ್ಟೆ ಒಂದೇ ಕೆಂಪು.

ಮ್ಯಾನೇಜರು ಎರಡನೇ ತುತ್ತಿಗೆ ಕೆಮ್ಮಿದರು. ಮೂರನೆಯದಕ್ಕೆ ಕಣ್ಣು, ಮೂಗು, ಕಿವಿ ಎಲ್ಲ ಒಟ್ಟಿಗೆ ಕೆಂಪಾದವು. ನಾನು ಸಾರನ್ನು ಬಟ್ಟಲೆತ್ತಿ ಕುಡಿದು, "ಅಮ್ಮಾ, ಇನ್ನೊಂದು ಸ್ವಲ್ಪ" ಅಂದೆ. ಹೇಳಿಬಿಡೋಣ ಅನ್ನಿಸಿತು. ಗೋಡೌನು ನೆನಪಾಯಿತು, ಅಮ್ಮನಿಗೆ ಕೊಟ್ಟ ಮಾತೂ ನೆನಪಾಯಿತು. ಬಾಯಿ ಮುಚ್ಚಿಕೊಂಡು ಉಂಡೆ.

ಅವರು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, ಏದುಸಿರಲ್ಲೇ ನನ್ನ ಕೈ ಕುಲುಕಿದರು. "ಭೇಷ್ ಕಣ್ರೀ! ಎಂಥಾ ಹೊಟ್ಟೆ! ಗೋಡೌನಿನ ಮಾತು ಮರೆತುಬಿಡಿ. ಟೂರು ನಿಮ್ಮದೇ."

ಮಗಳ ಫೀಸು ಕಣ್ಣ ಮುಂದೆ ಬಂದು ನನಗೂ ಕಣ್ಣಲ್ಲಿ ನೀರಾಡಿತು.

"ಗುಂಟೂರಿನ ಗಿರಣಿಗಳಿಗೆ ಯಾರನ್ನ ಕಳಿಸೋದು ಅಂತ ತಲೆ ಕೆಡಿಸ್ಕೊಂಡಿದ್ದೆ. ಅಲ್ಲಿ ಖಾರಕ್ಕೆ ಹೆದರಿ ಒಬ್ಬರೂ ನಿಲ್ತಿಲ್ಲ. ಸೋಮವಾರ ಹೊರಡಿ, ಒಂದು ವರ್ಷ ಅಲ್ಲೇ ಇರಿ!"

ಮ್ಯಾನೇಜರ ಉರಿ ನೋಡಲಾರದೆ ಅಮ್ಮ ಒಂದು ಚೊಂಬು ಮಜ್ಜಿಗೆ ಹಿಡಿದು ಓಡಿ ಬಂದಿದ್ದರು. ಈ ಮಾತು ಕೇಳಿ ಅಲ್ಲೇ ನಿಂತು, ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡಿದರು.

"ಈ ಮಜ್ಜಿಗಿ ಈಗ ಯಾರಿಗೆ ಕೊಡ್ಲ್ರಿ?"